ಶಾಲೆಗೆ ಯಾವ ಸಂಗೀತ ಮೇಷ್ಟ್ರು?

ಬೆಂಗಳೂರಿನ ಶಾಲೆಗೆ ಸಂಗೀತ ಶಿಕ್ಷಕರನ್ನು ಹುಡುಕುತ್ತಿದ್ದೀರಾ? ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದಲೇ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಾಭ್ಯಾಸದಿಂದಲೇ, ಶುರು ಮಾಡುವವರಲ್ಲಿ ಮಕ್ಕಳ ಶ್ರುತಿ, ತಾಳ ಗಟ್ಟಿಯಾಗುತ್ತದೆ. ಸಂಗೀತದ ಜೂನಿಯರ್ ಪರೀಕ್ಷೆಗೂ ಅನುಕೂಲ. ಆದರೆ ಮನೆಯಲ್ಲಿ ಕರ್ನಾಟಕ ಸಂಗೀತ ಕೇಳದ ಮಕ್ಕಳು ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾರೆ.

ಇನ್ನು ಕೆಲವು ಮೇಷ್ಟ್ರು ಮೊದಲು ಕೇಳುವುದೇ "ನಿಮ್ಮನೇಲಿ ಏನು ಹಾಡ್ತಾರೆ?" ಎಂದು. ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು ಅಜ್ಜಿಯ ಬೀಸುವ ಪದ ಹೇಳಿಕೊಟ್ಟರೆ ಇಡೀ ತರಗತಿ ಸೊಲ್ಲು ಹಿಡಿಯುತ್ತದೆ. ತಮಟೆ ಗೊತ್ತಿರುವ ಹುಡುಗ ಡೆಸ್ಕಿನ ಮೇಲೆ ಬಾರಿಸಿ ತೋರಿಸುತ್ತಾನೆ. ಆದಿತಾಳದ ಎಂಟು ಅಕ್ಷರಗಳ (ಎಣಿಕೆಗಳ) ಲೆಕ್ಕ ಅಲ್ಲಿಂದಲೇ ಶುರು. ಪರೀಕ್ಷೆಯ ಪಾಠ ತಡವಾಗುತ್ತದೆ, ನಿಜ.

ಶ್ರುತಿಶುದ್ಧವಾಗಿ ಹಾಡಬಲ್ಲವರಾದರೆ ನನ್ನ ಮತ ಎರಡನೆಯವರಿಗೇ. ಸಂದರ್ಶನದಲ್ಲಿ "ತಮಟೆಯನ್ನು ತರಗತಿಗೆ ತರುತ್ತೀರಾ?" ಎಂದು ತಪ್ಪದೆ ಕೇಳಿ.