ಬೆಳ್ಳಿಯೋ, ಹಿತ್ತಾಳೆಯೋ: ಸೈಕಲ್ ಫ್ರೇಮಿಗೆ ಯಾವ ಬೆಸುಗೆ?

ಉಕ್ಕಿನ ಪೈಪು ತಂದು ಸ್ವಂತ ಕೈಯಲ್ಲಿ ಸೈಕಲ್ ಫ್ರೇಮ್ ಕಟ್ಟಲು ಹೊರಟವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಕೇಳುವುದು ಇದನ್ನೇ: ಬೆಳ್ಳಿ ಕಡ್ಡಿ ಹಾಕಲೋ, ಹಿತ್ತಾಳೆ ಕಡ್ಡಿ ಹಾಕಲೋ? ಎರಡನ್ನೂ ಬಳಸಿ ಫ್ರೇಮ್ ಕಟ್ಟಿದ್ದೇನೆ. ಎರಡರ ಜಾಯಿಂಟುಗಳನ್ನೂ ಗರಗಸದಲ್ಲಿ ಸೀಳಿ ಒಳಗೆ ನೋಡಿದ್ದೇನೆ. ಬೆಳ್ಳಿ ಮೇಲ್ದರ್ಜೆಯದು, ಹಿತ್ತಾಳೆ ಅಗ್ಗದವರ ದಾರಿ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳ್ಳಿ ಬಿಸಿಯ ವಿಷಯದಲ್ಲಿ ಧಾರಾಳಿ, ಜೋಡಿಸುವ ತುಂಡುಗಳ ನಡುವಿನ ಸಂದಿನ ಅಳತೆಯಲ್ಲಿ ಮಾತ್ರ ಕಟ್ಟುನಿಟ್ಟು. ಹಿತ್ತಾಳೆ ಇದಕ್ಕೆ ಪೂರ್ತಿ ತದ್ವಿರುದ್ಧ. ಹಾಗಾಗಿ ನಿಮ್ಮ ಕೈ ಲೋಹ ಉಜ್ಜುವ ಅರ ಹಿಡಿಯುವುದರಲ್ಲಿ ಪಳಗಿದೆಯೋ, ಉರಿ ಉಗುಳುವ ಗ್ಯಾಸ್ ಟಾರ್ಚ್ ಹಿಡಿಯುವುದರಲ್ಲಿ ಪಳಗಿದೆಯೋ ನೋಡಿಕೊಂಡು ಕಡ್ಡಿ ಆರಿಸಬೇಕು.

ಹೊಸಬರಿಗಾಗಿ ಒಂದು ಮಾತು. ಕಡ್ಡಿಯನ್ನು ಕರಗಿಸಿ ಸಂದಿನೊಳಗೆ ಹರಿಸುವ ಈ ಬೆಸುಗೆಗೆ ಬ್ರೇಜಿಂಗ್ ಎನ್ನುತ್ತಾರೆ, ಇದರಲ್ಲಿ ಪೈಪು ಕರಗುವುದಿಲ್ಲ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು, ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಶೇ. 56 ಬೆಳ್ಳಿ ಇರುವ ಕಡ್ಡಿ 618 ಡಿಗ್ರಿಗೆ ಕರಗಲು ಶುರುವಾಗಿ 652ಕ್ಕೆ ಪೂರ್ತಿ ನೀರಾಗುತ್ತೆ. ಫ್ರೇಮಿಗೆ ಬಳಸುವ ಹಿತ್ತಾಳೆ ಕಡ್ಡಿಗೆ 870ರಿಂದ 890ರ ಆಸುಪಾಸು ಬೇಕು. ಈ ಇನ್ನೂರ ಚಿಲ್ಲರೆ ಡಿಗ್ರಿಯ ಅಂತರವೇ ಮುಂದಿನ ಎಲ್ಲ ವ್ಯತ್ಯಾಸಗಳ ಮೂಲ.

ಮೊದಲು ಬೆಳ್ಳಿ. ಲಗ್ ಇರುವ ಫ್ರೇಮಿಗೆ, ಅಂದರೆ ಪೈಪುಗಳು ಕೂಡುವ ಕಡೆ ಉಕ್ಕಿನ ತೋಳಿನೊಳಗೆ ಪೈಪು ತೂರಿಸುವ ಕ್ರಮಕ್ಕೆ, ಇದು ಹೇಳಿ ಮಾಡಿಸಿದ್ದು. ಲಗ್ಗಿನ ಒಳಗೂ ಪೈಪಿನ ಹೊರಗೂ ಬಿಳಿ ಫ್ಲಕ್ಸ್ (ಕಾದ ಲೋಹಕ್ಕೆ ಕಿಲುಬು ಕಟ್ಟದಂತೆ ತಡೆಯುವ ಲೇಪ) ಬಳಿದು, ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸುತ್ತೀರಿ. ಫ್ಲಕ್ಸ್ ಮೊದಲು ನೀರು ಬಿಟ್ಟು ಗುಳ್ಳೆಯೇಳುತ್ತೆ, ಆಮೇಲೆ ಒಣಗಿ ಬಿಳಿ ಹಕ್ಕಳೆಯಾಗುತ್ತೆ, 600 ಡಿಗ್ರಿ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ತಿಳಿಯಾಗಿ ಲೋಹ ಒದ್ದೆಯಾದಂತೆ ಹೊಳೆಯುತ್ತೆ. ಆಗ ಪೈಪಿನ ಕೆಂಪು ಎಷ್ಟು ಮಂದವೆಂದರೆ ಶೆಡ್ಡಿನ ಬಾಗಿಲು ತೆರೆದಿದ್ದರೆ ಕಾಣುವುದೇ ಇಲ್ಲ. ಪೀಣ್ಯದಲ್ಲಿ ನನಗೆ ಟಾರ್ಚ್ ಹಿಡಿಯಲು ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು: "ಸಾರ್, ಕಬ್ಬಿಣದ ಬಣ್ಣ ನೋಡ್ಬೇಡಿ, ಫ್ಲಕ್ಸ್ ನೋಡಿ." ಕಡ್ಡಿಯನ್ನು ಲಗ್ಗಿನ ಒಂದು ಅಂಚಿಗೆ ಮುಟ್ಟಿಸಿ ಉರಿಯನ್ನು ಇನ್ನೊಂದು ಅಂಚಿನ ಕಡೆ ಸರಿಸಿದರೆ ಬೆಳ್ಳಿ ಬಿಸಿಯನ್ನು ಹಿಂಬಾಲಿಸಿ ಒಳಗೊಳಗೇ ಓಡಿ ಆಚೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆಯಾಗಿ ಹೊರಬರುತ್ತೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ನೋಟ ಅದು.

ಆದರೆ ಆ ಓಟಕ್ಕೆ ಸಂದು ಸರಿಯಿರಬೇಕು. 0.05ರಿಂದ 0.12 ಮಿಲಿಮೀಟರ್ ಒಳಗಿದ್ದರೆ ಸರಾಗ. ಅದಕ್ಕಿಂತ ಅಗಲವಾದರೆ ಬೆಳ್ಳಿ ಅರ್ಧದಲ್ಲೇ ನಿಲ್ಲುತ್ತೆ, ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಎರಕದ ಲಗ್ಗುಗಳು ಈ ಅಳತೆಗೆ ಹತ್ತಿರ ಇರುತ್ತವೆ. ತಗಡು ಒತ್ತಿ ಮಾಡಿದ, ಹಾಲಿನವರ ಸೈಕಲ್ಲಿನಲ್ಲಿ ಕಾಣುವಂಥ ಲಗ್ಗಿಗೆ ಬೆಳ್ಳಿ ಹಾಕುವುದು ದುಡ್ಡು ಸುರಿದಂತೆ. ಇನ್ನೊಂದು ಮಿತಿ: ಫ್ಲಕ್ಸ್ ಹೆಚ್ಚು ಹೊತ್ತು ಕಾದರೆ ಕಪ್ಪಾಗಿ ಸತ್ತುಹೋಗುತ್ತೆ. ಆಮೇಲೆ ಎಷ್ಟು ಕಡ್ಡಿ ತಿನ್ನಿಸಿದರೂ ಬೆಳ್ಳಿ ಗೋಲಿಯಾಗಿ ಉರುಳುತ್ತೆಯೇ ಹೊರತು ಹರಿಯುವುದಿಲ್ಲ. ತಣಿಸಿ, ತೊಳೆದು, ಉಜ್ಜಿ ಮತ್ತೆ ಮೊದಲಿಂದ ಶುರು ಮಾಡಬೇಕು.

ಕಡ್ಡಿ ಕೊಳ್ಳುವಲ್ಲಿ ಎರಡು ಗುಂಡಿಗಳಿವೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ "ಬ್ರೇಜಿಂಗ್ ರಾಡ್ ಕೊಡಿ" ಎಂದರೆ ಅನೇಕ ಸಲ ಕೈಗೆ ಬರುವುದು ಎ.ಸಿ., ಫ್ರಿಜ್ ಮೆಕ್ಯಾನಿಕ್‌ಗಳು ತಾಮ್ರದ ಪೈಪಿಗೆ ಬಳಸುವ ಕಡ್ಡಿ. ಅದು ತಾಮ್ರ ಮತ್ತು ರಂಜಕದ ಮಿಶ್ರಣ, ಒಂದಿಷ್ಟು ಬೆಳ್ಳಿ ಇದ್ದರೂ ಇರಬಹುದು. ತಾಮ್ರಕ್ಕೆ ಅದ್ಭುತ, ಉಕ್ಕಿಗೆ ವಿಷ. ರಂಜಕ ಕಬ್ಬಿಣದ ಜೊತೆ ಸೇರಿ ಜಾಯಿಂಟಿನಲ್ಲಿ ಪೆಡಸಾದ ಪದರ ಕಟ್ಟುತ್ತೆ. ಅಂಥ ಫ್ರೇಮ್ ಒಂದು ಗುಂಡಿ ಹಾರಿಸಿದ ದಿನ ಬಿರುಕು ಬಿಡಬಹುದು. ಎರಡನೆಯದು ಕ್ಯಾಡ್ಮಿಯಂ ಇರುವ ಬೆಳ್ಳಿ ಕಡ್ಡಿ. ಅಗ್ಗ, ಕಡಿಮೆ ಬಿಸಿಗೇ ಬೆಣ್ಣೆ ತರಹ ಹರಿಯುತ್ತೆ, ಹಳೆಯ ಕೈಗಳು ಈಗಲೂ ಅದನ್ನೇ ಹೊಗಳುತ್ತವೆ. ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ನೇರ ಅಪಾಯ. ಪೊಟ್ಟಣದ ಮೇಲೆ ಕ್ಯಾಡ್ಮಿಯಂ ಇಲ್ಲ ಎಂದು ಬರೆದಿರದಿದ್ದರೆ ಅಂಗಡಿಯವರ ಮಾತು ನಂಬಿ ತರಬೇಡಿ.

ಇನ್ನು ಹಿತ್ತಾಳೆ. ನಮ್ಮ ಊರಿನ ಯಾವ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲೂ ಸಿಗುವ ಕಡ್ಡಿ. ಅರ್ಧಕ್ಕಿಂತ ಹೆಚ್ಚು ತಾಮ್ರ, ಉಳಿದದ್ದು ಬಹುಪಾಲು ಸತು. ಫ್ಲಕ್ಸ್ ಎಂದರೆ ಅಕ್ಕಸಾಲಿಗರು ಬಳಸುವ ಬಿಳಿಗಾರದ ಸಂಬಂಧಿ. ಸಂದು ಸಡಿಲವಾಗಿದ್ದರೂ ಹಿತ್ತಾಳೆ ತಕರಾರಿಲ್ಲದೆ ತುಂಬಿಕೊಳ್ಳುತ್ತೆ. ಕಷ್ಟ ಇರುವುದು ಬಿಸಿಯಲ್ಲಿ. ಸತು 907 ಡಿಗ್ರಿಗೆ ಕುದಿಯುವ ಲೋಹ. ಅಂದರೆ ಕಡ್ಡಿ ಹರಿಯುವ ಬಿಸಿಗೂ ಸತು ಹಾರಿಹೋಗುವ ಬಿಸಿಗೂ ನಡುವೆ ಜಾಗ ಬಹಳ ಇಕ್ಕಟ್ಟು. ದಾಟಿದರೆ ಬಿಳಿ ಹೊಗೆ ಏಳುತ್ತೆ, ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ, ಆ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ. ಉಕ್ಕು ಕಿತ್ತಳೆ ಬಣ್ಣಕ್ಕೆ ತಿರುಗಿದ ಕ್ಷಣದಿಂದ ಕೈ ನಿಲ್ಲಬಾರದು. ಪೆಡಲಿನ ಅಚ್ಚು ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್ಲಿನ ಗೋಡೆ ದಪ್ಪ, ಅದಕ್ಕೆ ಸೇರುವ ಪೈಪಿನ ಗೋಡೆ ಒಂದು ಮಿಲಿಮೀಟರ್‌ಗಿಂತ ತೆಳು. ಇಬ್ಬರೂ ಒಟ್ಟಿಗೆ ಹದಕ್ಕೆ ಬರುವಂತೆ ಉರಿಯನ್ನು ಮುಕ್ಕಾಲು ಪಾಲು ಶೆಲ್ಲಿನ ಮೇಲೇ ಇಡಬೇಕು. ಇದನ್ನು ಬರೆದು ಕಲಿಸಲು ಆಗುವುದಿಲ್ಲ, ಗುಜರಿ ಪೈಪಿನ ಮೇಲೆ ಆಕ್ಸಿ-ಅಸಿಟಿಲಿನ್ ಸುಟ್ಟೇ ಕಲಿಯಬೇಕು.

ಹಿತ್ತಾಳೆಯ ನಿಜವಾದ ಸೊಬಗು ಲಗ್ಗೇ ಇಲ್ಲದ ಫ್ರೇಮಿನಲ್ಲಿ, ಅಂದರೆ ಫಿಲೆಟ್ ಬೆಸುಗೆಯಲ್ಲಿ. ಪೈಪಿನ ತುದಿಯನ್ನು ಇನ್ನೊಂದು ಪೈಪಿನ ಉರುಟಿಗೆ ಕೂರುವಂತೆ ಉಜ್ಜಿ, ಮೊದಲು ಸಂದಿನೊಳಗೆ ತೆಳುವಾಗಿ ಹಿತ್ತಾಳೆ ಹರಿಸಿ, ಆಮೇಲೆ ಸುತ್ತಲೂ ಒಂದು ದಂಡೆ ಕಟ್ಟುತ್ತಾ ಹೋಗುವುದು. ಗಟ್ಟಿಗೂ ನೀರಿಗೂ ನಡುವಿನ ಆ ಇಪ್ಪತ್ತು ಡಿಗ್ರಿಯಲ್ಲಿ ಹಿತ್ತಾಳೆ ಎಳೆಪಾಕದ ಹದದಲ್ಲಿರುತ್ತೆ. ಹರಿದು ಹೋಗದೆ, ಇಟ್ಟ ಕಡೆ ಕೂತು, ಉರಿಯ ಒತ್ತಡಕ್ಕೆ ತುಸುವೇ ಜರುಗುತ್ತೆ. ಲಗ್ಗುಗಳು ನಿಗದಿತ ಕೋನದಲ್ಲಷ್ಟೇ ಬರುತ್ತವೆ. ಫಿಲೆಟ್‌ಗೆ ಆ ಹಂಗಿಲ್ಲ. ಐದಡಿಯ ಹೆಂಗಸಿಗೆ ಕೆಳಕ್ಕೆ ಇಳಿಜಾರಾದ ಮೇಲ್ಪೈಪು ಬೇಕೇ, ದಪ್ಪ ಟೈರಿಗೆ ಅಗಲ ಬೇಕೇ, ಏನು ಬೇಕಾದರೂ ಮಾಡಬಹುದು. ಬೆಲೆ ತೆರುವುದು ಆಮೇಲೆ: ಅರ್ಧ ಉರುಟಿನ ಅರ, ಇಲಿಬಾಲದ ಅರ, ಕೊನೆಗೆ ಉಪ್ಪುಕಾಗದದ ಪಟ್ಟಿ ಹಿಡಿದು ಗಂಟೆಗಟ್ಟಲೆ ಉಜ್ಜಬೇಕು. ಕೈ ಜಾರಿ ಪೈಪಿಗೆ ಅರ ತಾಗಿದರೆ ಅಲ್ಲೇ ಗೋಡೆ ತೆಳುವಾಗುತ್ತೆ. ಅಂದದ ಹುಚ್ಚಿಲ್ಲದಿದ್ದರೆ ಉಜ್ಜದೆ ಹಾಗೇ ಬಣ್ಣ ಬಳಿಯಿರಿ, ಶಕ್ತಿಗೇನೂ ಕೊರತೆಯಿಲ್ಲ.

ಸೀಳಿ ನೋಡಿದ್ದರ ವಿವರ ಇಲ್ಲಿ ಹೇಳಬೇಕು. ಬಿಗಿ ಲಗ್ಗಿನ ಬೆಳ್ಳಿ ಜಾಯಿಂಟನ್ನು ಉದ್ದಕ್ಕೆ ಕೊಯ್ದು, ಅಂಚನ್ನು ಎಮರಿಯಲ್ಲಿ ತಿಕ್ಕಿ, ಭೂತಗನ್ನಡಿಯಲ್ಲಿ ನೋಡಿದರೆ ಎರಡು ಉಕ್ಕಿನ ನಡುವೆ ಅಖಂಡವಾದ ಒಂದು ಬಿಳಿ ದಾರ. ಅದೇ ಲಗ್ಗಿನ ಒಳಮೈಯನ್ನು ಬೇಕೆಂದೇ ಸ್ವಲ್ಪ ಹೆಚ್ಚು ಉಜ್ಜಿ ಸಡಿಲ ಮಾಡಿ ಬೆಸೆದ ತುಂಡಿನಲ್ಲಿ ದಾರ ಅಲ್ಲಲ್ಲಿ ತುಂಡು, ನಡುವೆ ಗಾಜಿನಂತೆ ಸಿಕ್ಕಿಕೊಂಡ ಫ್ಲಕ್ಸ್. ಹೊರಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಹಿತ್ತಾಳೆ ಹಾಕಿದ ಸಡಿಲ ಲಗ್ಗು ತುಂಬಿತ್ತು, ಹಳದಿ ಪಟ್ಟಿ ದಪ್ಪಗೆ, ಒಂದೆರಡು ಚಿಕ್ಕ ತೂತು ಬಿಟ್ಟರೆ ಗಟ್ಟಿ. ತಗಡು ಲಗ್ಗಿನ ಸೈಕಲ್ಲುಗಳು ಅಷ್ಟು ಭಾರ ಹೊತ್ತು ದಶಕಗಟ್ಟಲೆ ಓಡಿದ್ದು ಹೇಗೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಹಾಗಾದರೆ ಬೆಳ್ಳಿಗೆ ಮೇಲ್ದರ್ಜೆಯದು ಎಂಬ ಹೆಸರು ಬಂದದ್ದು ಎಲ್ಲಿಂದ? ಒಂದು ಪಾಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಪೈಪುಗಳಿಂದ. 1935ರಲ್ಲಿ ಬಂದ ಅವರ 531 ಪೈಪನ್ನು ಹಿತ್ತಾಳೆಯಲ್ಲೂ ಬೆಳ್ಳಿಯಲ್ಲೂ ಬೆಸೆಯುತ್ತಿದ್ದರು. 1970ರ ದಶಕದ 753 ಹಾಗಲ್ಲ. ಶಾಖ ಸಂಸ್ಕಾರದಿಂದ ಬಲ ಪಡೆದ, ಬಹಳ ತೆಳುವಾದ ಪೈಪು ಅದು. ಹಿತ್ತಾಳೆಯ ಬಿಸಿ ತಾಗಿದರೆ ಆ ಬಲ ಇಳಿದುಹೋಗುತ್ತಿತ್ತು. ಹಾಗಾಗಿ ಬೆಳ್ಳಿಯೇ ಕಡ್ಡಾಯ, ಅದೂ ಮಾದರಿ ಜಾಯಿಂಟ್ ಕಳಿಸಿ ಪಾಸಾದವರಿಗೆ ಮಾತ್ರ ಪೈಪು. ಇವತ್ತು ಹವ್ಯಾಸಕ್ಕೆ ಕೊಳ್ಳುವ ಸಾಮಾನ್ಯ ಕ್ರೋಮ್-ಮಾಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಉಕ್ಕು) ಪೈಪಿಗೆ ಆ ನಿಯಮ ಅನ್ವಯಿಸುವುದಿಲ್ಲ.

ತೊಳೆಯುವ ಕೆಲಸದಲ್ಲಿ ಬೆಳ್ಳಿ ಗೆಲ್ಲುತ್ತೆ. ಅದರ ಫ್ಲಕ್ಸ್ ಬಿಸಿನೀರಲ್ಲಿ ಕರಗಿ ಹೋಗುತ್ತೆ. ಹಿತ್ತಾಳೆಯದ್ದು ಗಾಜಾಗಿ ಅಂಟಿಕೊಂಡು ಅರದ ಹಲ್ಲನ್ನೇ ಮೊಂಡು ಮಾಡುತ್ತೆ, ಫ್ರೇಮನ್ನು ಬಿಸಿನೀರಲ್ಲಿ ಗಂಟೆಗಟ್ಟಲೆ ನೆನೆಹಾಕಬೇಕು. ಸೊಟ್ಟಗಾಗುವುದರಲ್ಲೂ ಹಾಗೆಯೇ: ಹಿತ್ತಾಳೆ ಹಾಕಿದ ಮೇಲೆ ಸೀಟ್ ಪೈಪಿನ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿ, ಒಳಮೈ ಕೆರೆದು ಉರುಟು ಮಾಡುವ ರೀಮರ್ ಆಡಿಸದೆ 27.2 ಮಿ.ಮೀ. ಸೀಟ್‌ಪೋಸ್ಟ್ ಇಳಿಯುವುದೇ ಇಲ್ಲ. ದುಡ್ಡಿನ ಮಾತು ಬಂದರೆ ಹೋಲಿಕೆಯೇ ಬೇಡ, ಬೆಳ್ಳಿ ದರ ದಿನಾ ಪೇಪರಿನಲ್ಲಿ ಬರುತ್ತೆ.

ವಿದ್ಯುತ್ ಕಿಡಿಯಿಂದ ಪೈಪನ್ನೇ ಕರಗಿಸಿ ಕೂಡಿಸುವ ಟಿಗ್ ವೆಲ್ಡಿಂಗ್ ಬಗ್ಗೆಯೂ ಕೇಳುತ್ತಾರೆ. ವೇಗ, ಹಗುರ, ಅರದ ಕೆಲಸವಿಲ್ಲ. ಆದರೆ ಅದು ಬೇರೆಯೇ ವಿದ್ಯೆ, ಬೇರೆಯೇ ಮಷೀನು, ಈ ಹೋಲಿಕೆಗೆ ಸೇರುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಹಿಂದಿನ ಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್‌ಗಳನ್ನು ಪೈಪಿನ ಸೀಳಿಗೆ ಕೂರಿಸುವಾಗ ಸಂದು ದೊಡ್ಡದು, ಅಲ್ಲಿಗೆ ಹಿತ್ತಾಳೆ. ಎರಕದ ಲಗ್ಗಿಗೆ ಬೆಳ್ಳಿ. ಬಾಟಲಿ ಬಾಸ್ (ನೀರಿನ ಬಾಟಲಿಯ ಗೂಡಿಗೆ ಸ್ಕ್ರೂ ಕೂರುವ ಗುಬ್ಬಿ), ಬ್ರೇಕ್ ಕೇಬಲ್ ಹಿಡಿಯುವ ಕೇಬಲ್ ಸ್ಟಾಪಿನಂಥ ಪುಟಾಣಿಗಳಿಗೂ ಬೆಳ್ಳಿಯೇ, ಪೈಪಿನ ನಡುವಿನ ತೆಳು ಗೋಡೆಗೆ ಹಿತ್ತಾಳೆಯ ಬಿಸಿ ತಾಗಿಸಲು ಮನಸ್ಸು ಬರುವುದಿಲ್ಲ. ಲಗ್ಗಿಲ್ಲದ್ದಕ್ಕೆ ಪೂರ್ತಿ ಹಿತ್ತಾಳೆ. ನೀವು ಲೇತ್ ಅಥವಾ ಫಿಟ್ಟರ್ ಕೆಲಸದಿಂದ ಬಂದವರಾದರೆ ಬೆಳ್ಳಿಯಿಂದ ಶುರು ಮಾಡಿ. ಗ್ಯಾಸ್ ಕೆಲಸ ಗೊತ್ತಿದ್ದವರು ಹಿತ್ತಾಳೆಯಿಂದ. ಒಂದೇ ಫ್ರೇಮಿನಲ್ಲಿ ಎರಡೂ ಬಳಸುವುದಾದರೆ ಹತ್ತಿರ ಹತ್ತಿರದ ಜಾಯಿಂಟುಗಳಲ್ಲಿ ಹಿತ್ತಾಳೆ ಮೊದಲು ಮುಗಿಯಲಿ, ಬೆಳ್ಳಿ ಆಮೇಲೆ. ಬೆಳ್ಳಿ ಹರಿದ ಜಾಗಕ್ಕೆ ಮತ್ತೆ ಹಿತ್ತಾಳೆ ಹಿಡಿಸಲು ಹೋಗಬೇಡಿ, ಎರಡೂ ಕೆಡುತ್ತವೆ.