ಕಲಿಕಾ ವೇದಿಕೆಯ ಮರುವಿನ್ಯಾಸ: ಕೊಂಡ ಕಿಟ್, ಮೆಟೀರಿಯಲ್, ಸ್ವಂತ ಟೋಕನ್

ನಮ್ಮ ಆನ್‌ಲೈನ್ ಕಲಿಕಾ ವೇದಿಕೆಯ ಮರುವಿನ್ಯಾಸದಲ್ಲಿ ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ, ಅಂತರ, ಅಕ್ಷರಗಾತ್ರಗಳನ್ನು ನಮ್ಮದೇ ಟೋಕನ್‌ಗಳಾಗಿ, ಅಂದರೆ ಹೆಸರಿಟ್ಟ ಮೌಲ್ಯಗಳಾಗಿ ಬರೆದಿಟ್ಟು, ಅಲಂಕಾರವಿಲ್ಲದ ಕಾಂಪೊನೆಂಟ್‌ಗಳಿಗೆ (ಗುಂಡಿ, ಪಟ್ಟಿಯಂಥ ಪುಟದ ಬಿಡಿಭಾಗಗಳಿಗೆ) ಅವನ್ನು ತೊಡಿಸುವ ದಾರಿಯೇ ನನಗಿಷ್ಟ. ಅಲ್ಲಿಗೆ ತಲುಪುವ ಮೊದಲು ಹಣ ಕೊಟ್ಟು ಒಂದು ಸಿದ್ಧ ಕಿಟ್ (ಮೊದಲೇ ರೂಪ ಕೊಟ್ಟ ಕಾಂಪೊನೆಂಟ್‌ಗಳ ಕಟ್ಟು) ಕೊಂಡಿದ್ದೆವು. ಗೂಗಲ್‌ನ ವಿನ್ಯಾಸ ವ್ಯವಸ್ಥೆಯಾದ ಮೆಟೀರಿಯಲ್ ಆಧಾರಿತ ಉಚಿತ ಲೈಬ್ರರಿಯಲ್ಲೂ ಕೆಲವು ಪುಟಗಳನ್ನು ಕಟ್ಟಿ ನೋಡಿದ್ದೆವು.

ವೇದಿಕೆ ಬೆಳೆದ ರೀತಿಯಲ್ಲೇ ತೊಡಕಿತ್ತು. ವೀಡಿಯೊ ಪಾಠ ಒಂದು ತಂಡದ್ದು, ಕ್ವಿಜ್ ಇನ್ನೊಂದರದ್ದು, ಅಂಕಪಟ್ಟಿ ಮತ್ತೊಂದರದ್ದು. ‘ಮುಗಿದಿದೆ’ ಎನ್ನುವುದಕ್ಕೆ ಒಂದೆಡೆ ಹಸಿರು ಟಿಕ್, ಇನ್ನೊಂದೆಡೆ ನೀಲಿ ಪಟ್ಟಿ, ಬೇರೊಂದೆಡೆ ಬೂದು ಅಕ್ಷರ. ತಂಡಗಳು ಬೇರೆಯಾದರೂ ವಿದ್ಯಾರ್ಥಿ ಒಬ್ಬನೇ.

ಸಿದ್ಧ ಕಿಟ್ ಡೆಮೊದಲ್ಲಿ ಚೆಂದವಾಗಿತ್ತು, ಪುಟಗಳೂ ಬೇಗ ಎದ್ದು ನಿಂತವು. ಕಾಡಿದ್ದು ಕ್ವಿಜ್‌ನ ಆಯ್ಕೆ ಗುಂಡಿ. ಆರಿಸಿದ ಉತ್ತರವನ್ನು ಕಿಟ್ ತೀರಾ ತೆಳುವಾದ ಹಿನ್ನೆಲೆ ಬಣ್ಣದಿಂದಷ್ಟೇ ತೋರಿಸುತ್ತಿತ್ತು. ವೆಬ್‌ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲು ರೂಪಿಸಿದ ಮಾರ್ಗಸೂಚಿಯಾದ 2018ರ ಡಬ್ಲ್ಯುಸಿಎಜಿ 2.1ರ ಪ್ರಕಾರ ಗುಂಡಿಯ ಸ್ಥಿತಿಯನ್ನು ತಿಳಿಸುವ ಗುರುತಿಗೆ ಪಕ್ಕದ ಬಣ್ಣದೊಂದಿಗೆ ಕನಿಷ್ಠ 3:1 ಹೊಳಪಿನ ವ್ಯತ್ಯಾಸ ಬೇಕು. ಇದು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಬದಲಿಸೋಣವೆಂದರೆ ಕಿಟ್‌ನಲ್ಲಿ ಅದಕ್ಕೆ ಅಧಿಕೃತ ದಾರಿಯೇ ಇಲ್ಲ. ಹಾಗಾಗಿ ಅದರ ಒಳಗಿನ ಕ್ಲಾಸ್ ಹೆಸರುಗಳನ್ನೇ (ಪುಟದ ಭಾಗಗಳನ್ನು ಕೋಡ್‌ನಲ್ಲಿ ಗುರುತಿಸುವ ಹೆಸರುಗಳನ್ನೇ) ಹಿಡಿದು, ಅವುಗಳ ಮೇಲೆ ನಮ್ಮ ದಪ್ಪ ಅಂಚನ್ನು ಬರೆದೆವು.

ಮುಂದಿನ ಆವೃತ್ತಿಯಲ್ಲಿ ಆ ಹೆಸರುಗಳು ಬದಲಾದವು. ಯಾವ ದೋಷಸಂದೇಶವೂ ಬರಲಿಲ್ಲ. ಉತ್ತರ ಸರ್ವರ್‌ಗೆ ಸರಿಯಾಗಿಯೇ ಹೋಗುತ್ತಿದ್ದುದರಿಂದ ಸ್ವಯಂಚಾಲಿತ ಪರೀಕ್ಷೆಗಳೆಲ್ಲ ಪಾಸು. ನಮ್ಮ ಅಂಚು ಮಾತ್ರ ಸದ್ದಿಲ್ಲದೆ ಮಾಯವಾಗಿತ್ತು. ಆಯ್ಕೆಯಾಗಿದೆಯೋ ಇಲ್ಲವೋ ಕಾಣದ ವಿದ್ಯಾರ್ಥಿಗಳು ಮತ್ತೊಮ್ಮೆ ಒತ್ತಿದರು. ಒಂದಕ್ಕಿಂತ ಹೆಚ್ಚು ಸರಿಯುತ್ತರವಿರುವ ಪ್ರಶ್ನೆಗಳಲ್ಲಿ ಎರಡನೆಯ ಒತ್ತು ಮೊದಲನೆಯದನ್ನು ಅಳಿಸುತ್ತದೆ! ‘ಉತ್ತರ ಉಳಿಯುತ್ತಿಲ್ಲ’ ಎಂಬ ದೂರುಗಳು ಬಂದಾಗ ಡೆವಲಪರ್‌ಗಳು ಡೇಟಾಬೇಸ್ ಜಾಲಾಡಿದರು, ಸರ್ವರ್ ಲಾಗ್ ಓದಿದರು. ದೋಷವಿದ್ದದ್ದು ಪುಟದ ರೂಪ ಬರೆಯುವ ಭಾಷೆಯಾದ ಸಿಎಸ್ಎಸ್‌ನ ಸತ್ತ ಸಾಲುಗಳಲ್ಲಿ.

ಒಳಗಿನ ಹೆಸರುಗಳು ಬದಲಾಗುವುದಿಲ್ಲ ಎಂದು ತಾವು ಮಾತು ಕೊಟ್ಟೇ ಇಲ್ಲ ಎಂದರು ಮಾರಿದವರು. ಅದು ಸರಿಯೇ, ಸಿಟ್ಟು ಬಂದದ್ದೂ ಅದಕ್ಕೇ. ಇಂಥ ಕಿಟ್‌ನೊಳಗೆ ತಿದ್ದುವುದೆಂದರೆ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದಂತೆ. ಆವೃತ್ತಿಯನ್ನು ಹಳೆಯದಕ್ಕೇ ಕಟ್ಟಿಹಾಕಿದೆವು. ಅಂಚು ಮರಳಿತು, ಆದರೆ ಅಂದಿನಿಂದ ಕಿಟ್‌ನ ಹೊಸ ತಿದ್ದುಪಡಿಗಳು ನಮಗೆ ದಕ್ಕಲಿಲ್ಲ.

ಮೆಟೀರಿಯಲ್‌ನಲ್ಲಿ ಈ ಗೋಳಿಲ್ಲ, ಥೀಮ್ ಬದಲಿಸಲು ಬಾಗಿಲು ತೆರೆದೇ ಇದೆ. ಗೂಗಲ್ ಇದನ್ನು 2014ರಲ್ಲಿ ಪ್ರಕಟಿಸಿತು. 48 ಡಿಪಿಯ (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆ) ಸ್ಪರ್ಶ ಪ್ರದೇಶದಂತಹ ಮಾರ್ಗಸೂಚಿಗಳು ಚೆನ್ನಾಗಿ ಪಳಗಿವೆ. ಬಣ್ಣಕ್ಕೆ ಅದರ ಪಾತ್ರದಿಂದ ಹೆಸರಿಡುವ ಅಭ್ಯಾಸವನ್ನು ನಾವು ಕಲಿತದ್ದೂ ಅಲ್ಲಿಂದಲೇ. ಆದರೆ ಎಷ್ಟು ತಿದ್ದಿದರೂ ಪುಟ ಗೂಗಲ್‌ನದ್ದೇ ಎನ್ನಿಸುತ್ತದೆ.

ಬೂಟ್‌ಸ್ಟ್ರ್ಯಾಪ್ ಎಂಬ ಇನ್ನೊಂದು ಉಚಿತ ಲೈಬ್ರರಿ ಆಡಳಿತ ಪುಟಗಳಿಗೆ ಧಾರಾಳವಾಗಿ ಸಾಕು. ಮೂಡಲ್ ಎಂಬ ಕಲಿಕಾ ವೇದಿಕೆಯ ಬೂಸ್ಟ್ ಥೀಮ್ ನಿಂತಿರುವುದೂ ಅದರ ಮೇಲೆಯೇ.

ಸ್ವಂತ ಟೋಕನ್‌ಗಳ ಈಗಿನ ವ್ಯವಸ್ಥೆಯಲ್ಲಿ ಕೀಬೋರ್ಡ್, ಫೋಕಸ್, ಸ್ಕ್ರೀನ್ ರೀಡರ್‌ಗಳ ಹೊಣೆಯನ್ನು ಅಡೋಬಿಯ ರಿಯಾಕ್ಟ್ ಏರಿಯಾ ಎಂಬ ಅಲಂಕಾರವಿಲ್ಲದ ಲೈಬ್ರರಿ ಹೊರುತ್ತದೆ. ರೂಪವೆಲ್ಲ ನಮ್ಮದು. ಟೋಕನ್‌ಗಳು ಸಿಎಸ್ಎಸ್ ವೇರಿಯಬಲ್‌ಗಳಾಗಿ ಒಂದೇ ಕಡತದಲ್ಲಿವೆ. ಹೆಸರುಗಳು ‘ಹಸಿರು’, ‘ನೀಲಿ’ ಎಂದಲ್ಲ. ‘ಪಾಠ ಮುಗಿದಿದೆ’, ‘ಉತ್ತರ ಆರಿಸಿದೆ’ ಎಂದು. ಡಾರ್ಕ್ ಮೋಡ್ ಬಂದಾಗ ಟೋಕನ್‌ಗಳ ಮೌಲ್ಯಗಳಷ್ಟೇ ಬದಲಾದವು, ಕಾಂಪೊನೆಂಟ್‌ಗಳನ್ನು ಮುಟ್ಟಲಿಲ್ಲ. ಒತ್ತಕ್ಷರಗಳಿರುವ ಲಿಪಿಗಳ ಕೋರ್ಸ್ ಸೇರಿಸಿದಾಗ ಗುಂಡಿಗಳಲ್ಲಿ ಅಕ್ಷರದ ಬುಡ ಕತ್ತರಿಸಿಹೋಗುತ್ತಿತ್ತು. ಆ ಭಾಷೆಗಳಿಗೆ ಸಾಲಿನ ಎತ್ತರದ ಟೋಕನ್ ಒಂದನ್ನು ಹಿಗ್ಗಿಸಿದ್ದೇ ಇಡೀ ವೇದಿಕೆ ಸರಿಯಾಯಿತು.

ಕಷ್ಟಗಳೂ ಇವೆ. ಆರಂಭ ನಿಧಾನ. ದಿನಾಂಕ ಆರಿಸುವ ಕಾಂಪೊನೆಂಟ್ ಒಂದಕ್ಕೆ ಅಂದ ಕೊಡುವುದೇ ತಾಳ್ಮೆಯ ಪರೀಕ್ಷೆ. ‘ನಮ್ಮ ಪುಟಕ್ಕೊಂದು ಬೇರೆ ಗುಂಡಿ’ ಎಂದು ಬರುವವರಿಗೆ ಬೇಡ ಎನ್ನಲು ಒಬ್ಬರು ಬೇಕೇ ಬೇಕು; ನಮ್ಮಲ್ಲಿ ಆ ನಿಷ್ಠುರ ನನ್ನ ಪಾಲಿಗೆ ಬಂದಿದೆ. ಬದಲಾವಣೆಯನ್ನು ಒಟ್ಟಿಗೆ ಮಾಡದೆ ಕ್ವಿಜ್‌ನಿಂದ ಶುರುಮಾಡಿದೆವು, ಏಕೆಂದರೆ ಅಲ್ಲಿ ಎಡವಟ್ಟಾದರೆ ಹೋಗುವುದು ಅಂಕ.

ನಾನು ಚಿತ್ರ ಬಿಡಿಸುವುದಕ್ಕಿಂತ ಬ್ರೌಸರ್‌ನಲ್ಲೇ ತಿದ್ದುತ್ತಾ ಕೂರುವವನು, ಆದ್ದರಿಂದ ಟೋಕನ್ ಕಡತ ನನಗೆ ಒಗ್ಗುತ್ತದೆ. ಡೆವಲಪರ್‌ಗಳು ನಮ್ಮ ಖಾಯಂ ನೌಕರರಾದ್ದರಿಂದ ಅವರ ಸಮಯಕ್ಕೆ ಹೊಸ ಬಿಲ್ ಬರುವುದಿಲ್ಲ. ಗಂಟೆಗಿಷ್ಟು ಎಂದು ಹೊರಗಿನವರಿಗೆ ಕೊಡುವಂತಿದ್ದರೆ ಈ ದಾರಿ ನಮ್ಮ ಬಜೆಟ್‌ಗೆ ಎಟುಕುತ್ತಿರಲಿಲ್ಲ. ವಿನ್ಯಾಸಕಾರರೇ ಇಲ್ಲದ ತಂಡ ಕಣ್ಣುಮುಚ್ಚಿ ಮೆಟೀರಿಯಲ್ ಹಿಡಿಯಲಿ. ಒಂದೇ ಕೋರ್ಸ್ ಇಟ್ಟುಕೊಂಡು ಮುಂದಿನ ತಿಂಗಳೇ ತೆರೆಯಬೇಕಾದವರು ಕಿಟ್ ಕೊಳ್ಳಲಿ, ಆದರೆ ಅದರ ಹೊಟ್ಟೆಯೊಳಗೆ ಕೈ ಹಾಕದಿರಲಿ.

ಶಿಕ್ಷಕರ ಅಂಕಪಟ್ಟಿ ಮಾತ್ರ ಇನ್ನೂ ಆಂಟ್ ಡಿಸೈನ್ ಎಂಬ ಬೇರೊಂದು ಲೈಬ್ರರಿಯ ಕೋಷ್ಟಕದಲ್ಲೇ ಇದೆ. ವಿಂಗಡಣೆ, ಸೋಸುವಿಕೆ, ಅಲುಗದೆ ನಿಲ್ಲುವ ಕಾಲಂ ಎಲ್ಲವೂ ಅದರಲ್ಲಿ ಸಿದ್ಧ. ನಮ್ಮ ಬಣ್ಣಗಳನ್ನು ಅದರ ಥೀಮ್‌ಗೆ ದಾಟಿಸಿದ್ದೇವೆ. ಅದನ್ನು ಮತ್ತೆ ಕಟ್ಟುವ ಆತುರ ನನಗಿಲ್ಲ.