ಹಳೇ ಝೆನ್‌ಗೆ ಬ್ರೇಕ್ ಸಾಮಾನು: ಬಳ್ಳಾರಿ ಅಂಗಡಿಯೋ, ಆನ್‌ಲೈನೋ, ಕಂಪನಿ ಕೌಂಟರೋ?

ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿಯಲ್ಲಿದ್ದು ಹಳೇ ಮಾರುತಿ ಝೆನ್ ಓಡಿಸುವವರು ಬ್ರೇಕ್ ಸಾಮಾನಿಗೆ ಊರಿನ ಸ್ಪೇರ್ಸ್ ಅಂಗಡಿಗೇ ಹೋಗಬೇಕು. ಅದೂ ಬಿಚ್ಚಿದ ಹಳೇ ಪೀಸನ್ನು ಕೈಯಲ್ಲಿ ಹಿಡಿದುಕೊಂಡು.

ನಮ್ಮದು ಅಪ್ಪ ಕೊಂಡ 2006ರ ಗಾಡಿ, ಕೆಎ 34 ನಂಬರು. ಸಂಡೂರಿನಲ್ಲಿ ಮದುವೆ ಮುಗಿಸಿ ಅವ್ವನನ್ನು ಕೂರಿಸಿಕೊಂಡು ಬರುವಾಗ, ತೋರಣಗಲ್ಲಿನ ಹತ್ತಿರ ಮುಂದಿದ್ದ ಅದಿರಿನ ಲಾರಿ ಗಕ್ಕನೆ ನಿಂತಿತು. ಪೆಡಲ್ ಒತ್ತಿದರೆ ಅರ್ಧಕ್ಕೆ ಹಿಡಿಯಬೇಕಾದದ್ದು ಹೆಚ್ಚುಕಮ್ಮಿ ನೆಲ ಮುಟ್ಟಿತು. ಎರಡು ಸಲ ಪಂಪ್ ಮಾಡಿದ ಮೇಲೆ ಗಾಡಿ ನಿಂತಿತು. ಬ್ರೇಕಿನ ಎರಡು ಲೈನ್ ಬೇರೆ ಬೇರೆ ಇರುವುದರಿಂದ ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ, ಅಷ್ಟೇ ನಮ್ಮನ್ನು ಕಾಪಾಡಿದ್ದು. ಬೆಳಿಗ್ಗೆ ನೋಡಿದರೆ ಹಿಂದಿನ ಎಡ ಚಕ್ರದ ಒಳಮೈ ಒದ್ದೆ. ವೀಲ್ ಸಿಲಿಂಡರ್ (ಬ್ರೇಕ್ ಆಯಿಲಿನ ಒತ್ತಡಕ್ಕೆ ಒಳಗಿನ ಪಿಸ್ಟನ್ ಸರಿದು ಶೂ ತಳ್ಳುವ ಸಣ್ಣ ಕೊಳವೆ) ಸೋರಿ, ಶೂ, ಅಂದರೆ ಚಕ್ರದ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ, ಪೂರ್ತಿ ಬ್ರೇಕ್ ಆಯಿಲ್ ಕುಡಿದಿತ್ತು.

ಈ ಸೋರಿಕೆಗೆ ಕಾರಣ ಹಿಂದಿನ ಮಳೆಗಾಲದಲ್ಲಿ ನಾನು ಮಾಡಿಸಿದ ಅಗ್ಗದ ರಿಪೇರಿ. ಆಗ ಸಿಲಿಂಡರ್ ಬದಲಿಸದೆ ಬರೀ ಒಳಗಿನ ಸೋರಿಕೆ ತಡೆಯುವ ರಬ್ಬರ್ ಕಿಟ್ ಹಾಕಿಸಿದ್ದೆ. ಒಳಗೆ ಎಮೆರಿ ಕಾಗದ ತಿಕ್ಕಿ ಹೊಸ ರಬ್ಬರ್ ಕೂರಿಸಿದರೆ ಕೆಲವು ತಿಂಗಳು ನಡೆಯುತ್ತದೆ. ಆದರೆ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಆ ನೀರು ಸಿಲಿಂಡರ್ ಒಳಗೆ ತುಕ್ಕು ಹಿಡಿಸಿ ಸಣ್ಣ ಸಣ್ಣ ಕುಳಿ ಮಾಡುತ್ತದೆ. ಕುಳಿ ಬಿದ್ದ ಬೋರ್, ಅಂದರೆ ಪಿಸ್ಟನ್ ಓಡಾಡುವ ಒಳಗಿನ ತೂತು, ಹೊಸ ರಬ್ಬರನ್ನೂ ಕೊರೆದುಬಿಡುತ್ತದೆ. ಒಳಗೆ ಕನ್ನಡಿಯಂತೆ ನುಣುಪಿದ್ದರೆ ಮಾತ್ರ ಕಿಟ್, ಇಲ್ಲವಾದರೆ ಬೇಡ.

ಈ ಸಲ ಹೊಸ ಸಿಲಿಂಡರನ್ನೇ ಆನ್‌ಲೈನ್‌ನಲ್ಲಿ ತರಿಸಿದೆ. ಜೋಡಿಗೆ 780 ರೂಪಾಯಿ, ನಾಲ್ಕು ದಿನದಲ್ಲಿ ಮನೆಗೆ. ಗಾಡಿಯ ಹೆಸರು, ವರ್ಷ ಆರಿಸಿ ಅಂತ ಇತ್ತು, ‘ಝೆನ್’, ‘2006’ ಎಂದು ಒತ್ತಿದೆ. ಎಡವಟ್ಟಾದದ್ದು ಅಲ್ಲೇ. ನಮ್ಮ ಗುಂಡು ಮೈಯ ಝೆನ್ 1993ರಲ್ಲಿ ಬಂದು 2006ರಲ್ಲಿ ನಿಂತ ಗಾಡಿ. ಅದೇ 2006ರ ಕೊನೆಗೆ ಝೆನ್ ಎಸ್ಟಿಲೊ ಬಂತು. ಹೆಸರಲ್ಲಿ ಝೆನ್ ಇದೆ, ಗಾಡಿಯೇ ಬೇರೆ, ವ್ಯಾಗನ್ ಆರ್ ಕುಲದ್ದು. ನನಗೆ ಬಂದದ್ದು ಎಸ್ಟಿಲೊದ ಸಿಲಿಂಡರ್. ಫೋಟೋದಲ್ಲಿ ಎರಡಕ್ಕೂ ಒಂದೇ ರೂಪ.

ಗ್ಯಾರೇಜಿನಲ್ಲಿ ಗಾಡಿ ಜಾಕ್ ಮೇಲೆ ನಿಂತಿತ್ತು. ಬೋಲ್ಟಿನ ತೂತು ಸರಿಯಾಗಿಯೇ ಕೂತವು, ನನಗೆ ಸಮಾಧಾನವಾಯಿತು. ಮೇಸ್ತ್ರಿ ಮಾತ್ರ ಹಳೇ ಪಿಸ್ಟನ್ ಒರೆಸಿ ಹೊಸದರ ಬೋರಿಗೆ ಇಳಿಬಿಟ್ಟ. ಅದು ಲಡಲಡ ಅಲ್ಲಾಡಿತು. ‘ಅಣ್ಣ, ಇದು ಬ್ಯಾಡ. ಇದರ ಬೋರ್ ದೊಡ್ಡದು’ ಅಂದ. ಒಂದೆರಡು ಮಿಲಿಮೀಟರಿಗೆ ಏನಾದೀತು ಅಂತ ನಾನು ವಾದಿಸಿದೆ. ಆಮೇಲೆ ಲೆಕ್ಕ ಹಾಕಿದಾಗ ಅವನು ಹೇಳಿದ್ದು ಅರ್ಥವಾಯಿತು. ಪಿಸ್ಟನ್ ತಳ್ಳುವ ಬಲ ಅದರ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. 17 ಮಿ.ಮೀ. ಇದ್ದದ್ದು 19 ಆದರೆ ಬಲ ಹತ್ತಿರ ಹತ್ತಿರ ಕಾಲು ಭಾಗ ಹೆಚ್ಚು. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಮುಂಚೆಯೇ ಲಾಕ್ ಆಗಿ, ಮಳೆಯ ರಸ್ತೆಯಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಎಳೆಯುತ್ತದೆ. ಪೆಡಲ್ಲೂ ಇನ್ನಷ್ಟು ಕೆಳಗೆ ಹೋಗುತ್ತದೆ.

ವಾಪಸ್ ಕಳಿಸೋಣ ಎಂದರೆ ಪ್ಯಾಕೆಟ್ ಹರಿದಿದೆ, ಸಿಲಿಂಡರಿಗೆ ಎಣ್ಣೆಕೈ ತಾಗಿದೆ ಎಂದು ಮಾರಿದವರು ಒಪ್ಪಲಿಲ್ಲ. ಬಿಚ್ಚಿ ಅಳೆದು ನೋಡದೆ ತಪ್ಪು ಪೀಸೆಂದು ತಿಳಿಯುವುದಾದರೂ ಹೇಗೆ? ಈ ಬೇಸರ ಇನ್ನೂ ಹೋಗಿಲ್ಲ. ಗಾಡಿ ಮೂರು ದಿನ ಜಾಕ್ ಮೇಲೇ, ನಾನು ಆಟೋದಲ್ಲಿ ಕೆಲಸಕ್ಕೆ.

ಮಾರುತಿ ಕಂಪನಿಯದೇ ಸಾಮಾನಿನ ಕೌಂಟರಿನಲ್ಲಿ ಈ ತೊಂದರೆ ಇಲ್ಲ. ಚಾಸಿ ನಂಬರ್ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ತೆಗೆದು ತೋರಿಸುತ್ತಾರೆ. ಆದರೆ ಸ್ಟಾಕ್ ಇರಲಿಲ್ಲ, ತರಿಸಲು ಹತ್ತು ಹನ್ನೆರಡು ದಿನ ಎಂದರು. ದಿನಾ ಓಡುವ ಗಾಡಿಗೆ ಅಷ್ಟು ಕಾಯುವುದು ನನ್ನಿಂದಾಗದು. ಅವರಿಂದ ನಂಬರ್ ಬರೆದುಕೊಂಡು ಬಂದೆ, ಅದು ಉಪಯೋಗಕ್ಕೆ ಬಂತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನಿಲ್ಲ, ಆದರೆ 300 ಕಿಲೋಮೀಟರ್ ದೂರ. ಗುಜರಿಯಿಂದ ಡ್ರಮ್ ತಂದರೆ ಅಳತೆ ನೋಡಿ ತರಬಹುದು. ಸಿಲಿಂಡರ್, ಹೋಸ್ (ಬ್ರೇಕ್ ಆಯಿಲಿನ ರಬ್ಬರ್ ಪೈಪು) ಮಾತ್ರ ಗುಜರಿಯದು ಬೇಡವೇ ಬೇಡ.

ಕೊನೆಗೆ ಬೆಂಗಳೂರು ರಸ್ತೆ ಕಡೆಯ ಹಳೇ ಸ್ಪೇರ್ಸ್ ಅಂಗಡಿಗೆ ಹೋದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ವರ್ಷ ಕೇಳಲಿಲ್ಲ, ಮಾಡೆಲ್ ಕೇಳಲಿಲ್ಲ. ‘ಹಳೇದು ತಂದೀಯೇನಪ್ಪಾ?’ ಅಷ್ಟೇ. ಕೌಂಟರ್ ಮೇಲಿಟ್ಟ ಪೀಸನ್ನು ಬಟ್ಟೆಯಿಂದ ಒರೆಸಿ, ಅಟ್ಟದಿಂದ ಮೂರು ಡಬ್ಬಿ ಇಳಿಸಿ, ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದರು. ಟಿವಿಎಸ್ ಗರ್ಲಿಂಗ್ ಡಬ್ಬಿಯದು ಹೊಂದಿತು. ಹಳೇ ಪಿಸ್ಟನ್ ಬಿಟ್ಟು ನೋಡಿದರೆ ಬೆರಳಿಂದ ಮೆಲ್ಲಗೆ ಒತ್ತಿದರೆ ಮಾತ್ರ ಜಾರುವಷ್ಟು ಬಿಗಿ. ಜೋಡಿಗೆ 960 ರೂಪಾಯಿ. ಆನ್‌ಲೈನಿಗಿಂತ 180 ಹೆಚ್ಚು, ಆದರೆ ಆ 780 ಹೇಗೂ ನೀರಿಗೆ ಹೋಗಿತ್ತು.

ಒಂದೇ ಚಕ್ರ ಸೋರಿದ್ದರೂ ಸಿಲಿಂಡರ್, ಶೂ ಎರಡೂ ಕಡೆ ಹೊಸದು ಹಾಕಿಸಿದೆ. ಎಣ್ಣೆ ಕುಡಿದ ಶೂ ತೊಳೆದರೂ ಹಿಡಿಯುವುದಿಲ್ಲ. ಆಯಿಲ್ ಪೂರ್ತಿ ಬಸಿದು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿಸಿದೆವು. ಹೊಸದರಲ್ಲಿ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ಡಾಟ್ 3 ಆದರೆ 205. ನಮ್ಮೂರಿನ ಬಿಸಿಲಿಗೆ ಆ ಅಂತರ ನನಗೆ ಬೇಕು. ನಾನು ತಿಂಗಳಿಗೆ ಎರಡು ಸಲ ಹೊಸಪೇಟೆಗೆ ಹೋಗುವವನು, ಉಳಿದ ದಿನ ಊರೊಳಗೇ ಓಡಾಟ. ಗಾಡಿಗೆ ಖರ್ಚು ಮಾಡುವುದು ವರ್ಷಕ್ಕೆ ಹತ್ತು ಸಾವಿರದೊಳಗೆ. ನನ್ನಂಥವನಿಗೆ ಎದುರಿಗೆ ಅಳೆದು ಕೊಡುವ ಅಂಗಡಿಯೇ ಸರಿ. ಗಾಡಿ ಮನೆಯಲ್ಲಿ ಸುಮ್ಮನೆ ನಿಲ್ಲುವಂತಿದ್ದು ಕಾಯುವ ವ್ಯವಧಾನವಿದ್ದರೆ ಕಂಪನಿ ಕೌಂಟರ್ ಹಿಡಿಯಿರಿ.

ಹ್ಯಾಂಡ್‌ಬ್ರೇಕ್ ಕೇಬಲ್ಲೂ ಸಡಿಲಾಗಿದೆ. ಅದನ್ನು ಬಿಚ್ಚಿ ತರಲು ಯಜಮಾನರು ಹೇಳಿದ್ದಾರೆ, ಭಾನುವಾರ ಬಿಚ್ಚಿಸುತ್ತೇನೆ.